ಮಣಿಕಟ್ಟಿಗೆ ಪ್ಲೇಟ್ ಹಾಕಿಸಲು ಸಹಿ ಮಾಡುವ ಮುಂಚೆ

ಪುಣೆಯ ಹೋಟೆಲೊಂದರಲ್ಲಿ ಅಡುಗೆ ಮಾಡುವ ಕಲಬುರಗಿ ಕಡೆಯವರೊಬ್ಬರ ಬಲ ಮಣಿಕಟ್ಟು ಈಗ ಹಿಂದಕ್ಕೂ ಬಾಗುವುದಿಲ್ಲ, ಮುಂದಕ್ಕೂ ಬಾಗುವುದಿಲ್ಲ. ಮೊದಲ ಆಪರೇಷನ್ ನೆಟ್ಟಗೆ ಆಗಿದ್ದರೆ ಸುಮಾರು ಅರ್ಧ ಚಲನೆ ಉಳಿಯುವ ಸಾಧ್ಯತೆಯಿತ್ತು.

ಎಂದೋ ಕೈಯೂರಿ ಬಿದ್ದಾಗ ಮುರಿದ ಸ್ಕೇಫಾಯ್ಡ್ ಮೂಳೆಯನ್ನು (ಮಣಿಕಟ್ಟಿನಲ್ಲಿ ಹೆಬ್ಬೆರಳ ಬದಿಯ ಸಣ್ಣ ಮೂಳೆ) ಉಳುಕೆಂದು ಬಿಟ್ಟಿದ್ದರು. ಆ ಮುರಿತ ಕೂಡಿಕೊಳ್ಳಲೇ ಇಲ್ಲ. ಇಂಥ ಕೈಯಲ್ಲಿ ಸವೆತ ಹೆಬ್ಬೆರಳ ಬದಿಯಿಂದ ಶುರುವಾಗಿ ಮಣಿಕಟ್ಟಿನ ನಡುವಿಗೆ ಹಬ್ಬುತ್ತದೆ; ಪಕ್ಕದ ಲುನೇಟ್ ಮೂಳೆ ಮುಂಗೈಯ ದೊಡ್ಡ ಮೂಳೆಯಾದ ರೇಡಿಯಸ್ ಮೇಲೆ ಕೂರುವ ಜಾಗ ಮಾತ್ರ ಸಾಮಾನ್ಯವಾಗಿ ಚೆನ್ನಾಗಿರುತ್ತದೆ. ಆ ಕೀಲನ್ನು ನಂಬಿಯೇ ಸ್ಕೇಫಾಯ್ಡ್ ತೆಗೆದು, ಲುನೇಟ್, ಕ್ಯಾಪಿಟೇಟ್, ಹ್ಯಾಮೇಟ್, ಟ್ರೈಕ್ವೆಟ್ರಮ್ ಈ 4 ಮೂಳೆ ಬೆಸೆಯುತ್ತಾರೆ. ಇವರಿಗೂ ಅದನ್ನೇ ಮಾಡಿದ್ದು. ಆಯ್ಕೆ ತಪ್ಪಲ್ಲ, ಮಾಡಿದ ರೀತಿ ತಪ್ಪು.

ಬೆಸೆಯುವ ಮೂಳೆಗಳನ್ನು ಹಿಡಿದಿಡುವ ದುಂಡನೆಯ ಲೋಹದ ಪ್ಲೇಟನ್ನು ಮೂಳೆ ಕೊರೆದು ತಗ್ಗಿನಲ್ಲಿ ಕೂರಿಸಬೇಕು. ಉಬ್ಬಿ ನಿಂತರೆ ಕೈಯನ್ನು ಹಿಂದಕ್ಕೆ ಬಾಗಿಸಿದಾಗ ರೇಡಿಯಸ್ ಅಂಚಿಗೆ ತಾಗಿ ನೋಯುತ್ತದೆ. ಹಿಂದಕ್ಕೆ ವಾಲಿದ ಲುನೇಟನ್ನು ನೇರ ಮಾಡದೆ ಬೆಸೆದರೂ ಅಷ್ಟೇ. ಇವರ ಎಕ್ಸ್‌ರೇಯಲ್ಲಿ ಎರಡೂ ಕಾಣುತ್ತವೆ.

ನಿಜಕ್ಕೂ ಹೊಟ್ಟೆ ಉರಿಯುವುದು ಮುಂದಿನದಕ್ಕೆ. ಬೀಡಿ ಸೇದುತ್ತೀರಾ ಎಂದು ಯಾರೂ ಕೇಳಲಿಲ್ಲ. ನಿಕೋಟಿನ್ ರಕ್ತನಾಳ ಕುಗ್ಗಿಸುತ್ತದೆ, ಬೆಸೆದ ಮೂಳೆ ಕೂಡದೇ ಹೋಗುವ ಅಪಾಯ ಹೆಚ್ಚು. ಮಿಶ್ರಿ (ಹಲ್ಲಿಗೆ ತಿಕ್ಕುವ ಸುಟ್ಟ ತಂಬಾಕಿನ ಪುಡಿ), ಗುಟ್ಕಾದಲ್ಲಿರುವುದೂ ಅದೇ. 6 ವಾರಕ್ಕೆ ಪ್ಲಾಸ್ಟರ್ ಬಿಚ್ಚಿ, ಒಂದು ಎಕ್ಸ್‌ರೇ ನೋಡಿ ಕೆಲಸಕ್ಕೆ ಹೋಗಿ ಅಂದರು. ಮಣಿಕಟ್ಟಿನ ಎಕ್ಸ್‌ರೇಯಲ್ಲಿ ಮೂಳೆಗಳು ಒಂದರ ಮೇಲೊಂದು ಬೀಳುತ್ತವೆ, ಕೂಡಿದೆಯೋ ಇಲ್ಲವೋ ಗೊತ್ತಾಗುವುದು ಕಷ್ಟ. ಅನುಮಾನವಿದ್ದರೆ ಸಿಟಿ ಸ್ಕ್ಯಾನ್ ಬೇಕೇ ಬೇಕು. ಸಾಂಬಾರಿನ ಪಾತ್ರೆ ಎತ್ತುತ್ತಾ ಎತ್ತುತ್ತಾ ಸ್ಕ್ರೂ ಮುರಿದವು. ಆಮೇಲೆ ಉಳಿದದ್ದು ಇಡೀ ಮಣಿಕಟ್ಟನ್ನು ಉದ್ದ ಪ್ಲೇಟಿನಿಂದ ಬಿಗಿಯುವುದು. ನೋವು ಇಳಿದಿದೆ, ಅಂಗೈ ಮೇಲೆ ಕೆಳಗೆ ತಿರುಗುತ್ತದೆ, ಆದರೆ ಬಾಗುವುದು ಶಾಶ್ವತವಾಗಿ ಹೋಯಿತು.

ಸಹಿ ಮಾಡುವ ಕಾಗದ ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಇದ್ದರೆ ಓದಿಸಿಕೊಳ್ಳಿ. ಯಾವ ಮೂಳೆ ತೆಗೆಯುತ್ತೀರಿ, ಯಾವುದು ಬೆಸೆಯುತ್ತೀರಿ, ಎಷ್ಟು ಬಾಗುತ್ತದೆ ಎಂದು ಕೇಳಿ. ಕ್ಯಾಪಿಟೇಟ್ ತಲೆಯ ಕಾರ್ಟಿಲೇಜ್ (ಕೀಲಿನ ನುಣುಪು ಪದರ) ಚೆನ್ನಾಗಿದ್ದರೆ ಮೇಲಿನ ಸಾಲಿನ 3 ಮೂಳೆ ತೆಗೆಯುವ ದಾರಿಯೂ ಇದೆ. ಅದರಲ್ಲಿ ಬೆಸೆಯುವ ಕೆಲಸವೇ ಇಲ್ಲ. ನೋವಿನ ನರ ಮಾತ್ರ ಕತ್ತರಿಸುವುದೂ ಉಂಟು, ಮೊದಲು ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ಪರೀಕ್ಷಿಸಬಹುದು. ಬೆರಳುಗಳನ್ನು ಪ್ಲಾಸ್ಟರ್ ಇರುವಾಗಲೇ ಮಡಚಿ ಬಿಡಿಸುತ್ತಿರಬೇಕು. ಡಿಸ್ಚಾರ್ಜ್ ಕಾರ್ಡ್ ಜೊತೆ ಆಪರೇಷನ್ ವಿವರದ ಹಾಳೆ, ಸ್ಕ್ಯಾನ್ ಸಿಡಿ ಕೇಳಿ ಪಡೆಯಿರಿ. ಎರಡನೇ ಡಾಕ್ಟರ್ ಮೊದಲು ನೋಡುವುದು ಅವನ್ನೇ.