ಓಯೆಜ್‌ನಲ್ಲಿ ಒಂದು ಗಂಟೆ: ಟೌನ್ ಸಭೆಯ ಪ್ರಾರ್ಥನೆ ಕೇಸು ಕೇಳಿದ ಮೇಲೆ

ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ ವಕೀಲರು ಮಾಡಿದ ವಾದವನ್ನು ಪುಕ್ಕಟೆಯಾಗಿ ಕೇಳಿಸುವ ಒಂದು ಸೈಟಿದೆ, ಹೆಸರು ಓಯೆಜ್. ಕೋರ್ಟು ಶುರುವಾಗುವಾಗ ಕೂಗಿ ಹೇಳುವ ಹಳೆಯ ಮಾತು ಅದು, ‘ಕೇಳಿ, ಕೇಳಿ’ ಅಂತ ಅರ್ಥ. ಎರಡು ತಿಂಗಳಿಂದ ಬಳಸುತ್ತಿದ್ದೇನೆ. ತುಂಬಾ ಹಿಡಿಸಿದೆ, ಕೊರತೆಗಳೂ ಇವೆ. ಆದರೆ ನಾನು ಅಲ್ಲಿಗೆ ಯಾಕೆ ಹೋದೆ ಅಂತ ಮೊದಲು ಹೇಳಿಬಿಡುತ್ತೇನೆ.

ನಾವಿರುವುದು ಅಮೆರಿಕದ ಒಂದು ಸಣ್ಣ ಊರಿನಲ್ಲಿ. ಮನೆ ಹಿಂದೆ ಬೇಲಿ ಹಾಕಿಸಬೇಕಿತ್ತು, ನಿಯಮಕ್ಕಿಂತ ಒಂದು ಅಡಿ ಜಾಸ್ತಿ ಎತ್ತರ. ಅನುಮತಿ ಕೇಳಲು ಊರಿನ ಬೋರ್ಡ್ ಸಭೆಗೆ ಹೋದೆ. ಮೇಜಿನ ಹಿಂದೆ ಐದು ಜನ ಸದಸ್ಯರು, ಎದುರಿಗೆ ನಾವು ಹದಿನೈದಿಪ್ಪತ್ತು ಜನ. ಒಬ್ಬ ಪಾದ್ರಿ ಮೈಕಿನ ಹತ್ತಿರ ಬಂದು, ಸದಸ್ಯರಿಗೆ ಬೆನ್ನು ಮಾಡಿ ನಮ್ಮ ಕಡೆ ತಿರುಗಿ, ಎಲ್ಲರೂ ಎದ್ದು ನಿಂತು ತಲೆ ಬಾಗಿಸಿ ಅಂದರು. ನಾನು ದೇವರನ್ನು ನಂಬುವವನಲ್ಲ. ಎದ್ದು ನಿಂತೆ, ತಲೆ ಬಾಗಿಸಲಿಲ್ಲ. ಅದೇ ಹೊತ್ತಿಗೆ ಒಬ್ಬ ಸದಸ್ಯರು ತಲೆ ಎತ್ತಿದರು, ಇಬ್ಬರ ಕಣ್ಣೂ ಸೇರಿತು. ಹತ್ತು ನಿಮಿಷದ ಮೇಲೆ ಬೇಲಿಯ ನಕ್ಷೆ ಹಿಡಿದುಕೊಂಡು ಅದೇ ಸದಸ್ಯರ ಮುಂದೆ ನಿಂತಿದ್ದೆ. ಅಂಗೈ ಬೆವರಿಗೆ ಕಾಗದದ ಅಂಚು ಮೆತ್ತಗಾಗಿತ್ತು. ಯಾರೂ ಒಂದು ಕೆಟ್ಟ ಮಾತು ಆಡಲಿಲ್ಲ, ಅನುಮತಿಯೂ ಸಿಕ್ಕಿತು. ಆದರೂ ಮನೆಗೆ ಬಂದ ಮೇಲೆ ಅದು ತಲೆಯಿಂದ ಹೋಗಲಿಲ್ಲ. ಇದು ಸರಿಯಾ, ಕಾನೂನು ಏನು ಹೇಳುತ್ತೆ ಅಂತ ಹುಡುಕುತ್ತಾ ಹುಡುಕುತ್ತಾ ಓಯೆಜ್ ಸಿಕ್ಕಿತು.

ಹುಡುಕಿದ್ದು ‘ಟೌನ್ ಆಫ್ ಗ್ರೀಸ್ ವರ್ಸಸ್ ಗ್ಯಾಲೊವೇ’ ಕೇಸು. ಗ್ರೀಸ್ ಅಂದರೆ ದೇಶವಲ್ಲ, ನ್ಯೂಯಾರ್ಕ್ ರಾಜ್ಯದಲ್ಲಿ ರೋಚೆಸ್ಟರ್ ಪಕ್ಕದ ಒಂದು ಊರು. ಅಲ್ಲಿ 1999ರಿಂದ ಬೋರ್ಡ್ ಸಭೆಯ ಶುರುವಿನಲ್ಲಿ ಪ್ರಾರ್ಥನೆ. ಅದಕ್ಕೂ ಮೊದಲು ಸುಮ್ನೆ ಒಂದು ನಿಮಿಷ ಮೌನ ಇತ್ತಂತೆ. 2007ರವರೆಗೆ ಪ್ರಾರ್ಥನೆಗೆ ಬಂದವರೆಲ್ಲ ಕ್ರೈಸ್ತರೇ. ಸರ್ಕಾರ ಒಂದು ಮತದ ಪರ ನಿಲ್ಲಬಾರದು ಅನ್ನುವ ಸಂವಿಧಾನದ ಮಾತನ್ನು ಇದು ಮೀರುತ್ತೆ ಅಂತ ಊರಿನ ಇಬ್ಬರು ಹೆಂಗಸರು 2008ರಲ್ಲಿ ಕೋರ್ಟಿಗೆ ಹೋದರು. ಒಬ್ಬರು ಯಹೂದಿ, ಇನ್ನೊಬ್ಬರು ನಾಸ್ತಿಕರು. ಸುಪ್ರೀಂ ಕೋರ್ಟಿನಲ್ಲಿ ವಾದ ನಡೆದದ್ದು 2013ರ ನವೆಂಬರ್ 6ರಂದು. ತೀರ್ಪು 2014ರ ಮೇ 5ಕ್ಕೆ ಬಂತು, ಐದು–ನಾಲ್ಕರ ಅಂತರದಲ್ಲಿ ಊರು ಗೆದ್ದಿತು.

ಇಷ್ಟು ಎಲ್ಲಿ ಬೇಕಾದರೂ ಓದಲು ಸಿಗುತ್ತೆ. ಓಯೆಜ್‌ನಲ್ಲಿ ಸಿಗುವುದು ದನಿ. ಕೇಸಿನ ಪುಟದಲ್ಲಿ ವಾದದ ಆಡಿಯೋ ಒತ್ತಿದರೆ ಒಂದು ಗಂಟೆಯ ಧ್ವನಿಮುದ್ರಣ ಶುರುವಾಗುತ್ತೆ. ಆಡಿದ ಮಾತು ಕೆಳಗೆ ಅಕ್ಷರದಲ್ಲಿ ಜೊತೆಜೊತೆಗೇ ಸರಿಯುತ್ತಾ ಹೋಗುತ್ತೆ, ಮಾತಾಡುತ್ತಿರುವವರು ಯಾರು ಅಂತಲೂ ಗೊತ್ತಾಗುತ್ತೆ. ನ್ಯಾಯಮೂರ್ತಿಗಳು ಒಬ್ಬರಾದ ಮೇಲೊಬ್ಬರು ಪ್ರಶ್ನೆ ಎಸೆಯುವಾಗ ಇದು ಇಲ್ಲದಿದ್ದರೆ ನನ್ನಂಥವನಿಗೆ ದಿಕ್ಕೇ ತಿಳಿಯುತ್ತಿರಲಿಲ್ಲ. ಹಣ ಕೇಳುವುದಿಲ್ಲ. ಜೆರ್ರಿ ಗೋಲ್ಡ್‌ಮನ್ ಎಂಬ ಪ್ರೊಫೆಸರ್ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದಲ್ಲಿ ಶುರುಮಾಡಿದ್ದು. ಆಮೇಲೆ ಕಾರ್ನೆಲ್ ವಿಶ್ವವಿದ್ಯಾಲಯದ ಕಾನೂನು ಮಾಹಿತಿ ಸಂಸ್ಥೆ, ಶಿಕಾಗೊ-ಕೆಂಟ್ ಕಾನೂನು ಕಾಲೇಜು, ಜಸ್ಟಿಯಾ ಎಂಬ ಕಾನೂನು ಮಾಹಿತಿಯ ಸೈಟು ಸೇರಿ ಕೈಗೆತ್ತಿಕೊಂಡವು. ಕೋರ್ಟು ವಾದಗಳನ್ನು ರೆಕಾರ್ಡ್ ಮಾಡಲು ಶುರುಮಾಡಿದ್ದು 1955ರ ಅಕ್ಟೋಬರ್‌ನಲ್ಲಿ. ಅಲ್ಲಿಂದೀಚಿನ ಆಡಿಯೋ ಇಲ್ಲಿದೆ.

ಈಗ ಆ ಒಂದು ಗಂಟೆಯ ವಿಷಯ. ಊರಿನ ಪರ ವಕೀಲ ಥಾಮಸ್ ಹಂಗರ್ ಇನ್ನೂ ಬಾಯಿ ತೆರೆದಿರುತ್ತಾರೆ ಅಷ್ಟೇ, ನ್ಯಾಯಮೂರ್ತಿ ಎಲೆನಾ ಕೇಗನ್ ತಡೆಯುತ್ತಾರೆ. ಇವತ್ತು ಇದೇ ಕೋರ್ಟಿನಲ್ಲಿ ಮುಖ್ಯ ನ್ಯಾಯಮೂರ್ತಿಗಳು ಒಬ್ಬ ಪಾದ್ರಿಯನ್ನು ಕರೆಸಿ, ಅವರು ಎಲ್ಲರನ್ನೂ ಎಬ್ಬಿಸಿ, ಶಿಲುಬೆಯ ಮೇಲೆ ಏಸುವಿನ ತ್ಯಾಗವನ್ನು ನೆನೆಸಿ ಪ್ರಾರ್ಥನೆ ಮಾಡಿಸಿ, ಆಮೇಲೆ ನಿಮ್ಮ ಕೇಸು ಕರೆದಿದ್ದರೆ ಅದು ಸರಿಯಾಗುತ್ತಿತ್ತಾ ಅಂತ ಕೇಳುತ್ತಾರೆ. ಇಲ್ಲ ಅನಿಸುತ್ತೆ ಅಂತಾರೆ ಹಂಗರ್. ಕೋರ್ಟು ಬೇರೆ, ಶಾಸನಸಭೆ ಬೇರೆ, ಶಾಸನಸಭೆಯ ಪ್ರಾರ್ಥನೆಗೆ ಇತಿಹಾಸವಿದೆ ಅನ್ನುವುದು ಅವರ ವಾದ. ಅದಕ್ಕೆ ಆಧಾರ 1983ರ ‘ಮಾರ್ಷ್ ವರ್ಸಸ್ ಚೇಂಬರ್ಸ್’, ನೆಬ್ರಾಸ್ಕಾ ಶಾಸನಸಭೆ ಪ್ರಾರ್ಥನೆಗೆ ಸಂಬಳ ಕೊಟ್ಟು ಪಾದ್ರಿಯನ್ನು ಇಟ್ಟುಕೊಂಡಿದ್ದ ಕೇಸು, ಅದು ತಪ್ಪಲ್ಲ ಅಂತ ಸುಪ್ರೀಂ ಕೋರ್ಟು ಹೇಳಿತ್ತು. ಆದರೆ ಊರಿನ ಬೋರ್ಡು ಶಾಸನಸಭೆಯ ಥರ ಅಲ್ವಲ್ಲ! ಶಾಸನಸಭೆಯಲ್ಲಿ ಜನ ಮೇಲೆ ಗ್ಯಾಲರಿಯಲ್ಲಿ ಕೂತು ನೋಡುತ್ತಾರೆ. ಇಲ್ಲಿ ಜನ ಏನನ್ನೋ ಕೇಳಿಕೊಂಡು ಆ ಐವರ ಮುಂದೆ ಬಂದು ನಿಲ್ಲುತ್ತಾರೆ. ಬೇಲಿ, ಸಿಗ್ನಲ್ ದೀಪ, ಮನೆಗೊಂದು ಕೋಣೆ, ಇಂಥದ್ದೇ.

ನಾನು ನಿಜಕ್ಕೂ ಹೇಳಬೇಕು ಅಂದುಕೊಂಡದ್ದು ಎರಡನೇ ಅರ್ಧದ ಬಗ್ಗೆ. ಅಲ್ಲಿ ಆ ಇಬ್ಬರು ಹೆಂಗಸರ ಪರ ಡಗ್ಲಸ್ ಲೇಕಾಕ್ ವಾದಿಸುತ್ತಾರೆ. ಪ್ರಾರ್ಥನೆಯೇ ಬೇಡ ಅಂತ ಅವರು ಕೇಳುವುದಿಲ್ಲ. ಯಾವುದೋ ಒಂದು ಮತಕ್ಕೆ ಸೇರದ, ಎಲ್ಲರಿಗೂ ಒಪ್ಪುವ ಪ್ರಾರ್ಥನೆ ಇರಲಿ ಅಂತಾರೆ. ಹಾಗಾದರೆ ಎಲ್ಲರಿಗೂ ಒಪ್ಪುವ ಒಂದು ಉದಾಹರಣೆ ಕೊಡಿ ಅಂತ ನ್ಯಾಯಮೂರ್ತಿ ಅಲಿಟೊ ಹಿಡಿದುಕೊಳ್ಳುತ್ತಾರೆ. ಸರ್ವಶಕ್ತನಿಗೆ, ಸೃಷ್ಟಿಕರ್ತನಿಗೆ ಮಾಡುವ ಪ್ರಾರ್ಥನೆ ಅಂತಾರೆ ಲೇಕಾಕ್. ಅನೇಕ ದೇವರನ್ನು ನಂಬುವವರು? ಸೈತಾನನನ್ನು ಪೂಜಿಸುವವರು? ಕೊನೆಯದನ್ನು ನ್ಯಾಯಮೂರ್ತಿ ಸ್ಕಾಲಿಯಾ ಕೇಳಿದಾಗ ಕೋರ್ಟಿನಲ್ಲಿ ನಗು. ಆ ನಗು ಕೇಳಿ ನನಗೆ ಸಂಕಟವಾಯಿತು. ನಾಸ್ತಿಕರ ಮಾತು ಬಂದಾಗ, ಅವರಿಗೆ ಈ ವಿಷಯದಲ್ಲಿ ಪೂರ್ತಿ ಪರಿಹಾರ ಸಿಗಲಾರದು ಅಂತ ಲೇಕಾಕ್ ಅವರೇ ಒಪ್ಪಿಕೊಂಡುಬಿಡುತ್ತಾರೆ. ತಮ್ಮ ಕಕ್ಷಿದಾರರಲ್ಲಿ ಒಬ್ಬರು ನಾಸ್ತಿಕರು! 1983ರ ತೀರ್ಪು ಎದುರಿಗಿರುವಾಗ ವಕೀಲರಿಗೆ ಬೇರೆ ದಾರಿ ಇರಲಿಲ್ಲ, ಅದು ಅರ್ಥವಾಗುತ್ತೆ, ಅವರನ್ನು ದೂರುತ್ತಿಲ್ಲ. ಆದರೆ ದೇಶದ ಅತಿ ದೊಡ್ಡ ಕೋರ್ಟಿನಲ್ಲಿ, ಆ ಒಂದು ಗಂಟೆಯಲ್ಲಿ, ದೇವರನ್ನು ನಂಬದ ಆ ಹೆಂಗಸಿಗೆ ಬೇಕಾದದ್ದನ್ನು ಕೇಳುವವರು ಒಬ್ಬರೂ ಇರಲಿಲ್ಲ. ತೀರ್ಪು ಓದಿದಾಗ ಇದು ನನಗೆ ಹೊಳೆದಿರಲಿಲ್ಲ, ಕೇಳಿದಾಗ ತಟ್ಟಿತು. ಆ ಜಾಗವನ್ನು ಮೂರು ಸಲ ಹಿಂದಕ್ಕೆ ಹಾಕಿ ಕೇಳಿದೆ.

ಕೊರತೆಗಳು. ಕೇಸಿನ ಸಾರಾಂಶ ತುಂಬಾ ಚಿಕ್ಕದು, ಕೆಲವೇ ಪ್ಯಾರಾ. ಎಲ್ಲವೂ ಇಂಗ್ಲಿಷ್, ಅದೂ ಕಾನೂನಿನ ಇಂಗ್ಲಿಷ್, ಜೊತೆಗೊಂದು ಪದಕೋಶ ಇದ್ದಿದ್ದರೆ ಎಷ್ಟೋ ಅನುಕೂಲ. ಪೂರ್ತಿ ತೀರ್ಪು ಓದಲು ಬೇರೆ ಸೈಟಿಗೆ ಹೋಗಬೇಕು, ಮತ್ತು ಹೋಗಲೇಬೇಕು. ಯಾಕೆಂದರೆ ಬಹುಮತದ ಪರ ನ್ಯಾಯಮೂರ್ತಿ ಕೆನೆಡಿ ಬರೆದದ್ದನ್ನೂ ಕೇಗನ್ ಅವರ ಭಿನ್ನ ತೀರ್ಪನ್ನೂ ಅಕ್ಕಪಕ್ಕ ಇಟ್ಟು ನೋಡಿದರೇ ವಿಷಯ ತಿಳಿಯುವುದು. ದೊಡ್ಡವರು ಬೇಕಿದ್ದರೆ ಎದ್ದು ಹೊರಗೆ ಹೋಗಬಹುದು, ತಡವಾಗಿ ಬರಬಹುದು, ಅದು ಬಲವಂತ ಆಗುವುದಿಲ್ಲ ಅಂತಾರೆ ಕೆನೆಡಿ. ಕೇಗನ್ ಒಬ್ಬ ಮುಸ್ಲಿಂ ಹೆಣ್ಣುಮಗಳನ್ನು ಕಲ್ಪಿಸಿಕೊಳ್ಳುತ್ತಾರೆ. ಏನೋ ಅನುಮತಿ ಕೇಳಲು ಬೋರ್ಡಿನ ಮುಂದೆ ಬಂದವಳು, ಪ್ರಾರ್ಥನೆ ಶುರುವಾಗುತ್ತೆ, ಸೇರಿಕೊಳ್ಳಬೇಕಾ, ಬಿಡಬೇಕಾ. ಅದನ್ನು ಓದುವಾಗ ನನ್ನ ನಕ್ಷೆಯ ಕಾಗದ ನೆನಪಾಯಿತು.

ಇನ್ನೊಂದು ದೊಡ್ಡ ಕೊರತೆ, ಆಮೇಲೆ ಏನಾಯಿತು ಅನ್ನುವುದು ಇಲ್ಲಿ ಸಿಗುವುದಿಲ್ಲ. ತೀರ್ಪು ಬಂದ ಎರಡೇ ತಿಂಗಳಿಗೆ, 2014ರ ಜುಲೈನಲ್ಲಿ, ಅದೇ ಗ್ರೀಸ್ ಊರಿನ ಸಭೆಯನ್ನು ಒಬ್ಬ ನಾಸ್ತಿಕರು ದೇವರ ಹೆಸರಿಲ್ಲದ ಮಾತುಗಳಿಂದ ಆರಂಭಿಸಿದರು. ಫ್ಲಾರಿಡಾದ ಬ್ರೆವಾರ್ಡ್ ಕೌಂಟಿ ನಾಸ್ತಿಕರಿಗೆ ಆ ಅವಕಾಶ ಕೊಡಲ್ಲ ಅಂದಾಗ, ಹಾಗೆ ಹೊರಗಿಡುವುದು ತಪ್ಪು ಅಂತ 2019ರಲ್ಲಿ ಅಲ್ಲಿನ ಫೆಡರಲ್ ಮೇಲ್ಮನವಿ ಕೋರ್ಟು ಹೇಳಿತು. ಅದೇ ವರ್ಷ ಪೆನ್ಸಿಲ್ವೇನಿಯಾದ ಶಾಸನಸಭೆ ವಿಷಯದಲ್ಲಿ ಇನ್ನೊಂದು ಮೇಲ್ಮನವಿ ಕೋರ್ಟು, ದೇವರನ್ನು ನಂಬುವವರನ್ನು ಮಾತ್ರ ಕರೆದರೂ ನಡೆಯುತ್ತೆ ಅಂದಿತು. ಕೆಳಗಿನ ಕೋರ್ಟುಗಳ ಈ ವಾದಗಳು ಓಯೆಜ್‌ನಲ್ಲಿಲ್ಲ. ಪುಟದ ಕೊನೆಗೆ ನಾಲ್ಕು ಸಾಲು ಬರೆದಿದ್ದರೂ ನನ್ನಂಥವನ ಎರಡು ರಾತ್ರಿಯ ಹುಡುಕಾಟ ಉಳಿಯುತ್ತಿತ್ತು.

ಐದಕ್ಕೆ ನಾಲ್ಕು ಕೊಡುತ್ತೇನೆ. ಗ್ಯಾಲೊವೇ ಕೇಸಿನಿಂದಲೇ ಶುರುಮಾಡಿ, ಹೊತ್ತಿಲ್ಲದಿದ್ದರೆ ಮೊದಲ ಐದು ನಿಮಿಷ ಕೇಳಿ ನೇರ ಲೇಕಾಕ್ ಅವರ ವಾದಕ್ಕೆ ಹೋಗಿ. ನಾನು ಹೋದ ವಾರ ನಮ್ಮೂರ ಕ್ಲರ್ಕ್ ಆಫೀಸಿಗೆ ಫೋನ್ ಮಾಡಿ, ಸಭೆಯ ಶುರುವಿನಲ್ಲಿ ಮಾತಾಡುವವರ ಪಟ್ಟಿಗೆ ಹೆಸರು ಕೊಡುವುದು ಹೇಗೆ ಅಂತ ಕೇಳಿದೆ. ಯಾವ ಚರ್ಚಿನವರು ಅಂತ ಕೇಳಿದರು. ಯಾವ ಚರ್ಚೂ ಅಲ್ಲ, ಈ ಊರಿನವನು ಅಂದೆ. ವಿಚಾರಿಸಿ ಹೇಳುತ್ತೇವೆ ಅಂದಿದ್ದಾರೆ.