ಬದಿಯಡ್ಕದ ಜಿಮ್: ಐವತ್ತು ದಾಟಿದವರು ಹೋಗಬಹುದಾ?

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಪೇಟೆಯಿಂದ ಮುಳ್ಳೇರಿಯ ಕಡೆಗೆ ಹೋಗುವಾಗ ಒಂದು ಹಾರ್ಡ್‌ವೇರ್ ಅಂಗಡಿ ಸಿಗುತ್ತದೆ. ಅದರ ಮೇಲಿನ ಮಹಡಿಯಲ್ಲಿರುವ ಜಿಮ್ ಬಗ್ಗೆ ಬರೆಯುತ್ತಿದ್ದೇನೆ. ನನಗೆ 51 ವರ್ಷ. ಕನ್ನಡ ಮಾಧ್ಯಮ ಶಾಲೆಯಲ್ಲಿ ಗಣಿತದ ಟೀಚರ್. ಮನೆ ನೀರ್ಚಾಲಿನ ಹತ್ತಿರ. "ಅಲ್ಲಿಗೆ ನಮ್ಮ ಪ್ರಾಯದವರು ಹೋಗಬಹುದಾ?" ಎಂದು ಗುರ್ತದ ಹೆಂಗಸರು ಕೇಳುತ್ತಲೇ ಇರುತ್ತಾರೆ. ಧೈರ್ಯವಾಗಿ ಹೋಗಬಹುದು. ನನ್ನ ಅಭಿಪ್ರಾಯದಲ್ಲಿ ಇಪ್ಪತ್ತರ ಹುಡುಗರಿಗಿಂತ ನಮಗೇ ಅದರ ಅಗತ್ಯ ಜಾಸ್ತಿ.

ನಾನು ಮೊದಲಿನಿಂದಲೂ ನಡೆಯುವವಳು. ಬೆಳಿಗ್ಗೆ ರಬ್ಬರ್ ತೋಟದ ಬದಿಯ ರಸ್ತೆಯಲ್ಲಿ ಒಂದು ಸುತ್ತು ಹೋಗಿ ಬಂದರೇ ದಿನ ಶುರು. ಅದರಿಂದ ದಮ್ಮು ಚೆನ್ನಾಗಿಯೇ ಇತ್ತು. ಆದರೆ ಅಂಗಳದಲ್ಲಿ ಒಣಗಿದ ಅಡಿಕೆಯನ್ನು ಗೋಣಿಗೆ ತುಂಬಿಸಿ ಎತ್ತುವಾಗ ಸೊಂಟ ಹಿಡಿಯುತ್ತಿತ್ತು. ನೆಲದಲ್ಲಿ ಕೂತರೆ ಕೈ ಊರದೆ ಏಳಲಿಕ್ಕೆ ಆಗುತ್ತಿರಲಿಲ್ಲ. ರಕ್ತ ಪರೀಕ್ಷೆಯಲ್ಲಿ ಎಚ್‌ಬಿಎ1ಸಿ, ಅಂದರೆ ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆಯ ಅಳತೆ, 6.1 ಬಂತು. 5.7ರಿಂದ 6.4ರವರೆಗೆ ಇದ್ದರೆ ಸಕ್ಕರೆ ಕಾಯಿಲೆಯ ಹೊಸ್ತಿಲು. "ನಡಿಗೆ ಬಿಡಬೇಡಿ, ಜೊತೆಗೆ ಭಾರ ಎತ್ತುವ ವ್ಯಾಯಾಮವೂ ಬೇಕು" ಎಂದರು ಡಾಕ್ಟರು.

ಅವರು ಹೇಳಿದ್ದಕ್ಕೆ ಕಾರಣ ಉಂಟು. ಮೂವತ್ತು ದಾಟಿದ ಮೇಲೆ ಹತ್ತು ವರ್ಷಕ್ಕೆ ನೂರಕ್ಕೆ 3ರಿಂದ 8ರಷ್ಟು ಸ್ನಾಯು ಕರಗುತ್ತಾ ಹೋಗುತ್ತದೆ. ಅರುವತ್ತರ ನಂತರ ಇನ್ನೂ ಬೇಗ. ಊಟವಾದ ಮೇಲೆ ರಕ್ತದಲ್ಲಿ ಏರುವ ಸಕ್ಕರೆಯ ದೊಡ್ಡ ಪಾಲನ್ನು ಎಳೆದುಕೊಳ್ಳುವುದು ಇದೇ ಸ್ನಾಯುಗಳು. ಅವು ಕಡಿಮೆಯಾದರೆ ಸಕ್ಕರೆಗೆ ಹೋಗಲಿಕ್ಕೆ ಜಾಗ ಎಲ್ಲಿ? ಹೆಂಗಸರಿಗೆ ಮುಟ್ಟು ನಿಂತ ಮೇಲೆ ಮೂಳೆಯೂ ಸವೆಯುತ್ತದೆ, ಅದಕ್ಕೂ ಭಾರ ಬೀಳಬೇಕು. 2023ರಲ್ಲಿ ಪ್ರಕಟವಾದ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಸಮೀಕ್ಷೆಯಲ್ಲಿ ಕೇರಳದ ವಯಸ್ಕರಲ್ಲಿ ನೂರಕ್ಕೆ 25 ಜನರಿಗೆ ಸಕ್ಕರೆ ಕಾಯಿಲೆ ಇತ್ತು. ನಾಲ್ವರಲ್ಲಿ ಒಬ್ಬರು. ನಮ್ಮ ಸ್ಟಾಫ್ ರೂಮಿನಲ್ಲಿ ಚಾಯಕ್ಕೆ ಸಕ್ಕರೆ ಬೇಡ ಎನ್ನುವವರನ್ನು ನೋಡಿದರೆ ಅದು ಸರಿಯೇ ಅನಿಸುತ್ತದೆ.

ಇನ್ನು ಜಿಮ್ ವಿಷಯ. ಅಲ್ಲಿಯ ಟ್ರೈನರ್ ಮೂವತ್ತರ ಆಸುಪಾಸಿನ ಹುಡುಗ. ತುಳು, ಮಲಯಾಳಂ, ಕನ್ನಡ ಮೂರೂ ಬರುತ್ತದೆ. ನಾನು ಸೇರಿದ ದಿನ ಟ್ರೆಡ್‌ಮಿಲ್ ಹತ್ತಿಸಲೇ ಇಲ್ಲ. ಮೊದಲು ಬಿಪಿ ನೋಡಿದ. ಯಾವ ಮಾತ್ರೆ ತೆಗೆದುಕೊಳ್ಳುತ್ತೀರಿ, ಮಂಡಿ ನೋವು ಉಂಟಾ, ಆಪರೇಷನ್ ಆಗಿದೆಯಾ ಎಂದು ಕೇಳಿ ಬರೆದುಕೊಂಡ. ಆಮೇಲೆ ಒಂದು ಕುರ್ಚಿ ತಂದಿಟ್ಟು, ಕೈಗಳನ್ನು ಎದೆಯ ಮೇಲೆ ಕಟ್ಟಿಸಿ, 30 ಸೆಕೆಂಡಿನಲ್ಲಿ ಎಷ್ಟು ಸಲ ಕೂತು ಎದ್ದೇಳುತ್ತೀರಿ ಎಂದು ಎಣಿಸಿದ. ಕಾಲಿನ ಶಕ್ತಿ ತಿಳಿಯಲಿಕ್ಕೆ ಇಷ್ಟು ಸಾಕು, ಮೆಷೀನ್ ಬೇಡ. ನೀವೂ ಮನೆಯಲ್ಲಿ ಮಾಡಿ ನೋಡಬಹುದು. ಗೋಡೆಗೆ ತಾಗಿಸಿಟ್ಟ, ಜಾರದ ಕುರ್ಚಿ ಇರಲಿ.

ನನಗೆ ಅವನ ಮೇಲೆ ನಂಬಿಕೆ ಬಂದದ್ದು ಒಂದು ಕೋಲಿನಿಂದ. ಭಾರ ಎತ್ತುವ ಮೊದಲು ಬಾಗುವುದು ಕಲಿಯಬೇಕು ಎಂದು ಹೇಳಿ, ಸಾದಾ ಮರದ ಕೋಲನ್ನು ನನ್ನ ಬೆನ್ನ ಮೇಲೆ ಉದ್ದಕ್ಕೆ ಇಟ್ಟ. ಒಂದು ಕೈ ಕತ್ತಿನ ಹಿಂದೆ, ಇನ್ನೊಂದು ಸೊಂಟದ ಹಿಂದೆ ತಂದು ನಾನೇ ಅದನ್ನು ಹಿಡಿದುಕೊಳ್ಳಬೇಕು. ತಲೆ, ಬೆನ್ನಿನ ಮೇಲ್ಭಾಗ, ಬಾಲದ ಮೂಳೆ, ಈ ಮೂರೂ ಕಡೆ ಕೋಲು ತಾಗಿಯೇ ಇರಬೇಕು. ಹಾಗೆ ಇಟ್ಟುಕೊಂಡು ಮಂಡಿ ಸ್ವಲ್ಪವೇ ಮಡಚಿ, ಹಿಂದಿನ ಬಾಗಿಲನ್ನು ಕುಂಡೆಯಿಂದ ದೂಡುವ ಹಾಗೆ ಬಾಗಬೇಕು. ಬೆನ್ನು ಗೂನಾದ ಕೂಡಲೇ ಕೋಲು ಸೊಂಟದ ಹತ್ತಿರ ಬಿಟ್ಟುಹೋಗುತ್ತದೆ. "ಟೀಚರೇ, ಕೋಲು ಬಿಡ್ತು, ಪುನಃ" ಎನ್ನುತ್ತಿದ್ದ. ಒಂದು ಸಲವೂ ಗಡಿಬಿಡಿ ಮಾಡಲಿಲ್ಲ. ಆ ಬಾಗುವಿಕೆ ಕೈವಶವಾದ ಮೇಲೆಯೇ ಕೆಟಲ್‌ಬೆಲ್ (ಮೇಲೆ ಹಿಡಿ ಇರುವ ಕಬ್ಬಿಣದ ಗುಂಡು) ಕೊಟ್ಟು, ನೆಲದಿಂದ ಭಾರ ಎತ್ತುವ ಡೆಡ್‌ಲಿಫ್ಟ್ ಮಾಡಿಸಿದ್ದು. ಈಗ ಅಡಿಕೆ ಗೋಣಿ ಎತ್ತುವಾಗಲೂ ನನ್ನ ಮೈ ತಾನಾಗಿಯೇ ಹಾಗೆ ಬಾಗುತ್ತದೆ, ಸೊಂಟ ಹಿಡಿಯುವುದಿಲ್ಲ. ಮೇಲೆತ್ತುವಾಗ ಉಸಿರು ಬಿಡಬೇಕು, ಬಿಗಿ ಹಿಡಿದರೆ ಬಿಪಿ ಒಮ್ಮೆಲೇ ಏರುತ್ತದೆ ಎಂದು ಈಗಲೂ ಪ್ರತಿ ಸೆಟ್ಟಿನಲ್ಲಿ, ಅಂದರೆ ನಿಲ್ಲಿಸದೆ ಎತ್ತುವ ಪ್ರತಿ ಸುತ್ತಿನಲ್ಲಿ, ನೆನಪಿಸುತ್ತಾನೆ.

ಪ್ರತಿಯೊಬ್ಬರ ಹೆಸರಿಗೂ ಒಂದು ನೋಟ್‌ಬುಕ್ ಇಟ್ಟಿದ್ದಾನೆ. ಯಾವ ದಿನ ಎಷ್ಟು ಕೆಜಿ, ಎಷ್ಟು ಸಲ, ಎಷ್ಟು ಸೆಟ್, ಎಲ್ಲಾ ಅದರಲ್ಲಿ ಉಂಟು. ಡಂಬ್‌ಬೆಲ್ಲನ್ನು ಎದೆಗೆ ಒತ್ತಿ ಹಿಡಿದು ಕೂತು ಏಳುವ ಸ್ಕ್ವಾಟ್ ನಾನು 5 ಕೆಜಿಯಲ್ಲಿ ಶುರು ಮಾಡಿದ್ದು, ಈಗ 15ರಲ್ಲಿದೆ. ಒಂದೇ ಭಾರವನ್ನು ವರ್ಷಗಟ್ಟಲೆ ಎತ್ತುತ್ತಾ ಕೂತರೆ ಶಕ್ತಿ ಅಲ್ಲಿಗೇ ನಿಲ್ಲುತ್ತದೆ. 12 ಸಲ ಸಲೀಸಾಗಿ ಎತ್ತಲಿಕ್ಕೆ ಆದರೆ ಮುಂದಿನ ವಾರ ಸ್ವಲ್ಪ ಏರಿಸುತ್ತಾನೆ. ನನ್ನ ಮಟ್ಟಿಗೆ ಕಟ್ಟಿದ ದುಡ್ಡು ಸಾರ್ಥಕವಾಗುವುದು ಈ ಪುಸ್ತಕದಲ್ಲೇ.

ಓಟ-ನಡಿಗೆಗೆ ಎಷ್ಟು, ಭಾರಕ್ಕೆ ಎಷ್ಟು ಎಂಬ ಪ್ರಶ್ನೆ ಎಲ್ಲರಿಗೂ ಇರುತ್ತದೆ, ಅಲ್ವಾ? ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ಪ್ರಕಾರ ದೊಡ್ಡವರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ವೇಗದ ಕಾರ್ಡಿಯೋ (ನಡಿಗೆ, ಓಟ, ಸೈಕಲ್‌ನಂಥ ದಮ್ಮಿನ ವ್ಯಾಯಾಮ) ಬೇಕು, ಜೊತೆಗೆ ಕನಿಷ್ಠ ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮ. ಇವನು ನನಗೆ ಹಾಕಿಕೊಟ್ಟದ್ದು ಹೀಗೆ: ಸೋಮವಾರ, ಗುರುವಾರ ಭಾರ, ಕೊನೆಗೆ 10 ನಿಮಿಷ ಸೈಕಲ್. ಮಂಗಳವಾರ, ಶನಿವಾರ 40 ನಿಮಿಷ ಕಾರ್ಡಿಯೋ. ಬುಧವಾರ, ಶುಕ್ರವಾರ ಜಿಮ್ ಇಲ್ಲ, ಮನೆ ಹತ್ತಿರ 25 ನಿಮಿಷ ಬಿರುಸು ನಡಿಗೆ. ಭಾನುವಾರ ರಜೆ. ಕೂಡಿಸಿ ನೋಡಿ, ಸರಿಯಾಗಿ 150 ಆಗುತ್ತದೆ. ಎರಡು ಭಾರದ ದಿನಗಳ ನಡುವೆ ಸ್ನಾಯು ಸುಧಾರಿಸಿಕೊಳ್ಳಲಿಕ್ಕೆ ಎರಡು ದಿನ ಸಿಗುತ್ತದೆ.

ಎರಡೂ ಒಂದೇ ದಿನ ಇದ್ದರೆ ಭಾರ ಮೊದಲು ಎನ್ನುವುದು ಅವನ ನಿಯಮ. ಓಡಿ ಸುಸ್ತಾದ ಕಾಲಿನಲ್ಲಿ ಸ್ಕ್ವಾಟ್‌ಗೆ ಹೋದರೆ ಮಂಡಿ ಒಳಗೆ ವಾಲುತ್ತದೆ, ನಮ್ಮ ಪ್ರಾಯದಲ್ಲಿ ಅದು ಒಳ್ಳೆಯದಲ್ಲ. ಕಾರ್ಡಿಯೋ ಮಾಡಿದರೆ ಸ್ನಾಯು ಬೆಳೆಯುವುದೇ ಇಲ್ಲ ಎಂದು ಅಲ್ಲಿಯ ಹುಡುಗರು ಕೆಲವರು ವಾದಿಸುತ್ತಾರೆ. ಆ ಮಾತಿನ ಮೂಲ 1980ರಲ್ಲಿ ಅಮೆರಿಕದ ರಾಬರ್ಟ್ ಹಿಕ್ಸನ್ ಮಾಡಿದ ಪ್ರಯೋಗ. ಎರಡನ್ನೂ ಒಟ್ಟಿಗೆ ಮಾಡಿದವರ ಶಕ್ತಿ ಕೆಲವು ವಾರ ಏರಿ, ಆಮೇಲೆ ನಿಂತು, ಕೊನೆಗೆ ಸ್ವಲ್ಪ ಇಳಿಯಿತು. ನಿಜವೇ. ಆದರೆ ಅವರು ವಾರಕ್ಕೆ ಐದು ದಿನ ಭಾರ ಎತ್ತಿ, ಆರು ದಿನ ಜೋರಾಗಿ ಸೈಕಲ್ ತುಳಿದು, ಓಡಿದವರು. ವಾರಕ್ಕೆ ಎರಡೆರಡು ದಿನ ಮಾಡುವ ನಮಗೆ ಆ ಹೆದರಿಕೆ ಬೇಡ.

ಕಾರ್ಡಿಯೋ ಎಷ್ಟು ಜೋರು ಇರಬೇಕು ಎಂಬುದಕ್ಕೆ ಅವನ ಅಳತೆ ನನಗೆ ತುಂಬಾ ಹಿಡಿಸಿತು. "ಪಕ್ಕದವರ ಹತ್ತಿರ ಮಾತಾಡ್ಲಿಕ್ಕೆ ಆಗ್ಬೇಕು, ಭಾಗವತರ ಹಾಗೆ ಪದ ಹಾಡ್ಲಿಕ್ಕೆ ಆಗ್ಬಾರ್ದು." ಕೈಗೆ ಕಟ್ಟುವ ವಾಚ್ ಬೇಕೆಂದೇ ಇಲ್ಲ. ಮಳೆಗಾಲದಲ್ಲಿ ಈ ಜಿಮ್ ಇರುವುದೇ ದೊಡ್ಡ ಉಪಕಾರ. ಜೂನ್, ಜುಲೈಯಲ್ಲಿ ನಮ್ಮ ಕಡೆ ಹೊರಗೆ ನಡೆಯುವ ಮಾತೇ ಇಲ್ಲ. ಗಾಳಿ-ಮಳೆಗೆ ಕರೆಂಟ್ ಹೋದರೆ ಟ್ರೆಡ್‌ಮಿಲ್ ಗಕ್ಕನೆ ನಿಲ್ಲುತ್ತದೆ, ಆದ್ದರಿಂದ ಆ ತಿಂಗಳುಗಳಲ್ಲಿ ಸೈಕಲ್ಲನ್ನೇ ಹಿಡಿಯಿರಿ. ಅದಕ್ಕೆ ಕರೆಂಟ್ ಬೇಡ.

ಪ್ರೋಟೀನ್ ಪೌಡರ್ ಡಬ್ಬಿಗಳು ಕೌಂಟರಿನಲ್ಲಿ ಇವೆ, ಆದರೆ ನನಗೆ ತೆಗೆದುಕೊಳ್ಳಿ ಎಂದು ಒತ್ತಾಯ ಮಾಡಲಿಲ್ಲ. ರಾತ್ರಿಗೆ ಎಂತ ಊಟ ಎಂದು ಕೇಳಿದ. ಕುಚ್ಚಲಕ್ಕಿ ಗಂಜಿ, ಚಟ್ನಿ, ಉಪ್ಪಿನಕಾಯಿ ಎಂದೆ. ಗಂಜಿ ಇರಲಿ, ಪಕ್ಕಕ್ಕೆ ಹೆಸರುಕಾಳಿನ ಪಲ್ಯ ಅಥವಾ ಹುರುಳಿ ಸಾರು ಸೇರಿಸಿ, ಒಂದು ಕಪ್ ಮೊಸರು ತಿನ್ನಿ ಎಂದ. ಐಸಿಎಂಆರ್ ಲೆಕ್ಕದಲ್ಲಿ ದೇಹದ ತೂಕದ ಪ್ರತಿ ಕೆಜಿಗೆ ದಿನಕ್ಕೆ 0.83 ಗ್ರಾಮ್ ಪ್ರೋಟೀನ್ ಬೇಕು. 60 ಕೆಜಿ ಇದ್ದವರಿಗೆ ಸುಮಾರು 50 ಗ್ರಾಮ್. ಗಂಜಿ-ಚಟ್ನಿಯಲ್ಲಿ ಅಷ್ಟು ಒದಗುವುದಿಲ್ಲ.

ಸರಿ ಇಲ್ಲದ್ದೂ ಉಂಟು. ಹೆಂಗಸರ ಸಮಯ ಬೆಳಿಗ್ಗೆ 10ರಿಂದ 12. ಕೆಲಸಕ್ಕೆ ಹೋಗುವವರು ಆ ಹೊತ್ತಿಗೆ ಎಲ್ಲಿಂದ ಬರುವುದು? ನನ್ನಂಥವರು ಸಂಜೆ ಐದರ ಹೊತ್ತಿಗೆ ಹುಡುಗರ ಜೊತೆಯಲ್ಲೇ ಮಾಡಬೇಕು. ಹುಡುಗರು ಮರ್ಯಾದೆಯಿಂದಲೇ ಇರುತ್ತಾರೆ, ಜಾಗ ಬಿಟ್ಟುಕೊಡುತ್ತಾರೆ, ಆದರೆ ಸಂಕೋಚ ಪಟ್ಟು ಒಂದೇ ವಾರದಲ್ಲಿ ಬಿಟ್ಟ ಇಬ್ಬರು ನನಗೆ ಗೊತ್ತು. ವಾರದಲ್ಲಿ ಎರಡು ಸಂಜೆಯಾದರೂ ಒಂದು ಗಂಟೆ ಹೆಂಗಸರಿಗೆ ಬಿಡಬೇಕು. ಹಾಡಿನ ಸದ್ದು ವಿಪರೀತ, ಕೇಳಿದರೆ ಕಡಿಮೆ ಮಾಡುತ್ತಾರೆ, ಪ್ರತಿ ದಿನ ಕೇಳಬೇಕು. ಮೆಟ್ಟಿಲಿಗೆ ಹಿಡಿದುಕೊಳ್ಳುವ ಕಂಬಿ ಒಂದೇ ಬದಿ, ಮಳೆಯಲ್ಲಿ ಮೆಟ್ಟಿಲು ಜಾರುತ್ತದೆ. ಡಂಬ್‌ಬೆಲ್ 5 ಕೆಜಿ ಆದ ಮೇಲೆ ನೇರ 7.5. ಭುಜದ ವ್ಯಾಯಾಮಕ್ಕೆ ಇದು ಒಮ್ಮೆಲೇ ಅರ್ಧದಷ್ಟು ಜಾಸ್ತಿ, ನಮ್ಮಂಥವರು ಅಲ್ಲೇ ಸಿಕ್ಕಿಬೀಳುತ್ತೇವೆ. 6 ಕೆಜಿಯದ್ದು ಒಂದು ಜೊತೆ ತರಿಸಿ ಎಂದು ನಾನು ಹೇಳಿದ್ದೇನೆ. ಬೇರೆ ಹೆಂಗಸರೂ ಹೇಳಿದರೆ ಬೇಗ ಬಂದೀತು.

ನನ್ನ ಎಚ್‌ಬಿಎ1ಸಿ ಈಗ 5.8. ತೂಕ ಹೆಚ್ಚೇನೂ ಇಳಿದಿಲ್ಲ. ನೆಲದಿಂದ ಕೈ ಊರದೆ ಏಳುತ್ತೇನೆ.

ಫೀಸು ತಿಂಗಳಿಗೆ 1,000 ರೂಪಾಯಿ, ಮೂರು ತಿಂಗಳದ್ದು ಒಟ್ಟಿಗೆ ಕಟ್ಟಿದರೆ 2,700. ಬಿಪಿ, ಹೃದಯದ ತೊಂದರೆ ಇದ್ದವರು ಡಾಕ್ಟರ ಚೀಟಿ ತೆಗೆದುಕೊಂಡೇ ಹೋಗಿ, ಅವರು ಕೇಳುತ್ತಾರೆ. ಒಂದು ದಿನ ಸುಮ್ನೆ ಹೋಗಿ ನೋಡಿ ಬರಲಿಕ್ಕೆ ದುಡ್ಡಿಲ್ಲ. ಒಳಗೆ ಹಾಕಲಿಕ್ಕೆ ಬೇರೆ ಶೂ ಬೇಕು. ಸಂಜೆ ಆರರ ಮೇಲೆ ರಶ್ಶು, ಐದಕ್ಕೆ ಹೋದರೆ ಟ್ರೈನರ್ ಕೈಗೆ ಸಿಗುತ್ತಾನೆ.