ಎಕನಾಮಿಕ್ಸ್ ಓದಿ ಕನ್ಸಲ್ಟಿಂಗ್‌ಗೆ ಹೋಗಲು: ಎಂಎ ಸರಿಯೋ, ಎಂಬಿಎ ಸರಿಯೋ?

ಬಿಎ ಎಕನಾಮಿಕ್ಸ್ ಮುಗಿಯುತ್ತಿದೆ, ಕನ್ಸಲ್ಟಿಂಗ್ ಕೆಲಸ, ಅಂದರೆ ಕಂಪನಿಗಳಿಗೋ ಸರ್ಕಾರಕ್ಕೋ ಸಲಹೆ ಕೊಡುವ ಕೆಲಸ ಬೇಕು. ಮುಂದೆ ಎಂಎನಾ, ಎಂಬಿಎನಾ? ಎರಡಕ್ಕೂ ಹಿಡಿಯುವುದು ಎರಡೇ ವರ್ಷ. ಆದರೆ ಸಿಗುವ ಕೆಲಸ ಬೇರೆ ಬೇರೆ.

ಮ್ಯಾಕಿನ್ಸಿ, ಬಿಸಿಜಿ, ಬೇನ್‌ನಂಥ ದೊಡ್ಡ ಕನ್ಸಲ್ಟಿಂಗ್ ಕಂಪನಿಗಳು ಕೆಲಸಕ್ಕೆ ಜನರನ್ನು ಆರಿಸಲು ಬೆಂಗಳೂರಿನ ಐಐಎಂನಂಥ ಕಡೆ ಕ್ಯಾಂಪಸ್ಸಿಗೇ ಬರುತ್ತವೆ. ಹಾಗಾಗಿ ಕಂಪನಿಗಳ ವ್ಯವಹಾರ ಸರಿಪಡಿಸುವ ಕೆಲಸ ಇಷ್ಟವಾದರೆ ಎಂಬಿಎ ಹತ್ತಿರದ ದಾರಿ. ಅದಕ್ಕೆ ಕ್ಯಾಟ್ ಎಂಬ ಪ್ರವೇಶ ಪರೀಕ್ಷೆ ಬರೆಯಬೇಕು. ಫೀಸು ಮಾತ್ರ ತುಂಬಾ ಜಾಸ್ತಿ, ಎಷ್ಟೋ ಮಂದಿ ಸಾಲ ಮಾಡಿಯೇ ಓದುತ್ತಾರೆ.

ಎಂಎ ದಾರಿಯ ಬಗ್ಗೆ ನಮ್ಮಲ್ಲಿ ಮಾತು ಕಡಿಮೆ, ಅಲ್ವಾ? ಎಂಎ ಓದಿದವರ ಕನ್ಸಲ್ಟಿಂಗ್ ಕೆಲಸಕ್ಕೆ ಒಂದು ಉದಾಹರಣೆ ನೋಡಿ. ಎರಡು ದೊಡ್ಡ ಸಿಮೆಂಟ್ ಕಂಪನಿಗಳು ಒಂದಾಗಲು ಹೊರಟಿವೆ. ಚೀಲದ ಬೆಲೆ ಏರುತ್ತದಾ? ಕಂಪನಿಗಳ ನಡುವೆ ಪೈಪೋಟಿ ಉಳಿಯುವಂತೆ ನೋಡಿಕೊಳ್ಳುವ ಸ್ಪರ್ಧಾ ಆಯೋಗ 2002ರ ಸ್ಪರ್ಧಾ ಕಾಯ್ದೆಯಡಿ ಇದನ್ನೇ ಕೇಳುತ್ತದೆ. ಉತ್ತರ ಕೊಡಲು ಕಂಪನಿಗೂ ಅದರ ವಕೀಲರಿಗೂ ಅರ್ಥಶಾಸ್ತ್ರಜ್ಞರು ಬೇಕು. ಹಳೇ ಬೆಲೆ, ಸಾಗಣೆ ಖರ್ಚು, ಯಾವ ಊರಿಗೆ ಯಾರ ಸಿಮೆಂಟ್ ಹೋಗುತ್ತದೆ ಎಂಬುದನ್ನೆಲ್ಲ ಅಳೆದು ಹೇಳಬೇಕು. ಸರ್ಕಾರದ ಯೋಜನೆಯೊಂದು ನಿಜವಾಗಿ ಜನರಿಗೆ ತಲುಪಿತಾ ಎಂದು ಲೆಕ್ಕ ಹಾಕುವುದೂ ಇದೇ ಜಾತಿಯ ಕೆಲಸ. ಎಕನೊಮೆಟ್ರಿಕ್ಸ್, ಅಂದರೆ ಅಂಕಿಅಂಶ ಹಿಡಿದು ಆರ್ಥಿಕ ಪ್ರಶ್ನೆಗಳಿಗೆ ಉತ್ತರ ಹುಡುಕುವ ವಿದ್ಯೆ, ಗಟ್ಟಿ ಇರಬೇಕು. ಅಂಕಿಅಂಶ ಲೆಕ್ಕ ಹಾಕುವ ಆರ್ ಅಥವಾ ಸ್ಟೇಟಾದಂಥ ಸಾಫ್ಟ್‌ವೇರ್ ಬಳಸಲು ಬರಬೇಕು. ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸ್ ಈ ಓದಿಗೆ ಹಳೆಯ ಹೆಸರು. ಬೆಂಗಳೂರಿನಲ್ಲೇ 2017ರಲ್ಲಿ ಶುರುವಾದ ಅಂಬೇಡ್ಕರ್ ಸ್ಕೂಲ್ ಆಫ್ ಎಕನಾಮಿಕ್ಸ್ ಇದೆ.

ಗಣಿತ ಕಂಡರೆ ಖುಷಿಯಾಗುವವರು ಎಂಎಗೇ ಹೋಗಿ ಅಂತ ನಾನು ಹೇಳುತ್ತೇನೆ. ಎಂಬಿಎ ಬೇಕೆನಿಸಿದರೆ ನಾಲ್ಕು ವರ್ಷ ಕೆಲಸ ಮಾಡಿದ ಮೇಲೂ ಮಾಡಬಹುದು.